ವ್ಯಸನಮುಕ್ತಿಯೆಂಬ ವಿದ್ಯೆ
(ಶ್ರೀಮಠದ ಮಹೋತ್ಸವದ ಅಂಗವಾಗಿ ಬಿಳಿಕೆರೆಯಲ್ಲಿ ನೆರೆದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕನ್ನಡದಲ್ಲಿ ವ್ಯಸನವೆಂಬ ಪದಕ್ಕೆ ಎರಡರ್ಥಗಳು ರೂಢವಾಗಿವೆ. ಬಿಡಲಾರದ ದುರಭ್ಯಾಸವೆಂಬುದು ಒಂದು, ದುಃಖವೆಂಬುದು ಇನ್ನೊಂದು. ಸತ್ತವರ ಮನೆಗೆ ಹೋಗಿ ‘ವ್ಯಸನಪಡಬೇಡಿ’ ಎಂದು ಸಂತೈಸುವವರೂ, ಕುಡುಕನ ಮನೆಯ ಮುಂದೆ ನಿಂತು ‘ಅವನಿಗೆ ವ್ಯಸನ ಹತ್ತಿದೆ’ ಎಂದು ಮರುಗುವವರೂ ಒಂದೇ ಪದವನ್ನು ಆಡುತ್ತಾರೆ. ಕುಡಿಯುವವನ ಅಭ್ಯಾಸವೂ ಅವನ ಮನೆಯವರ ದುಃಖವೂ ಬೇರೆಬೇರೆಯಲ್ಲವೆಂದು ಭಾಷೆಯೇ ಅರಿತಂತಿದೆ. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ವ್ಯಸನಗಳ ವಿಚಾರವನ್ನೆತ್ತಿಕೊಂಡು, ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದೇ ವ್ಯಸನವೆಂದು ಪದವನ್ನು ಬಿಡಿಸಿ ಹೇಳಿರುವನು. ಹಾಗೆ ಎಸೆಯಲ್ಪಟ್ಟವನು ತಾನೇ ಎದ್ದು ಬರಲಿ ಎಂದು ಕಾಯುವುದು ಲೋಕದ ವಾಡಿಕೆ. ಅವನನ್ನು ಎತ್ತುವುದಕ್ಕೆ ಒಂದು ವಿದ್ಯೆಯುಂಟು. ಆ ವಿದ್ಯೆಗೆ ಸ್ನಾತಕೋತ್ತರ ವ್ಯಾಸಂಗವುಂಟು. ಆ ವ್ಯಾಸಂಗಕ್ಕೆ ಈ ಹೋಬಳಿಯ ಮಕ್ಕಳನ್ನು ಕಳುಹಿಸಬೇಕೆಂಬುದೇ ಈ ಉಪನ್ಯಾಸದ ವಿಷಯ.

ಬಿಳಿಕೆರೆಯು ದಾರಿಗಳು ಕೂಡುವ ಊರು. ಮೈಸೂರಿನಿಂದ ಹುಣಸೂರು, ಮಡಿಕೇರಿಗಳಿಗೆ ಹೋಗುವ ಹೆದ್ದಾರಿಯಿಂದ ಕೃಷ್ಣರಾಜನಗರ, ಹಾಸನಗಳ ದಾರಿಯು ಇಲ್ಲಿಯೇ ಕವಲೊಡೆಯುವುದು. ದಾರಿ ಕೂಡುವಲ್ಲಿ ಅಂಗಡಿಗಳು ಹೆಚ್ಚುವುದು ಸಹಜ. ಮದ್ಯದ ಅಂಗಡಿಯೂ ಅದರೊಳಗೇ ಸೇರಿತು. 2007ನೆಯ ಇಸವಿ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾದಾಗ, ಇನ್ನು ಮನೆಗಳು ಉಳಿದುವೆಂದು ಅನೇಕ ತಾಯಂದಿರು ನಿಟ್ಟುಸಿರು ಬಿಟ್ಟರು. ಸಾರಾಯಿ ಹೋಯಿತು, ಅದರ ಸ್ಥಾನಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂದಿತು. ಕಾಯಿದೆಯು ಪದಾರ್ಥವನ್ನು ತಡೆಯಬಲ್ಲುದೇ ಹೊರತು ಹಂಬಲವನ್ನು ತಡೆಯಲಾರದು.

ಈ ಮಾತನ್ನು ಮೊದಲೇ ಕಾರ್ಯತಃ ಅರಿತವರು ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾಕ್ಟರ್ ಮಹಾಂತ ಶಿವಯೋಗಿಗಳವರು. ಜೋಳಿಗೆಯೆಂಬುದು ಜಂಗಮನು ಭಿಕ್ಷೆ ಬೇಡುವ ಸಾಧನವಷ್ಟೆ. ಪೂಜ್ಯರು 1975ರಲ್ಲಿ ಅದೇ ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ‘ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ’ ಎಂದು ಬೇಡತೊಡಗಿದರು. ಧಾನ್ಯವನ್ನಲ್ಲ, ಹಣವನ್ನಲ್ಲ, ಚಟವನ್ನೇ ಭಿಕ್ಷೆಯಾಗಿ ಬೇಡಿದ ಆ ಪದ್ಧತಿಯು ಮಹಾಂತ ಜೋಳಿಗೆಯೆಂದು ಪ್ರಸಿದ್ಧವಾಯಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿರುವುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಇನ್ನೊಂದು ಮಾರ್ಗ. ಇವೆರಡರ ಉಪಕಾರವನ್ನು ಕಡಿಮೆಯೆಂದು ಎಣಿಸುವವನು ಕೃತಘ್ನನೇ ಸರಿ.

ಆದರೆ ಜೋಳಿಗೆಗೆ ಚಟವನ್ನು ಹಾಕಿ ಮನೆಗೆ ಹಿಂದಿರುಗಿದವನಿಗೆ ಎರಡನೆಯ ದಿನ, ಮೂರನೆಯ ದಿನ ಏನಾಗುವುದು? ಈ ಪ್ರಶ್ನೆಯ ಮುಂದೆ ತುಸು ಹೊತ್ತು ನಿಲ್ಲಬೇಕಾಗಿದೆ. ವರ್ಷಗಟ್ಟಲೆ ದಿನವೂ ಮಿತಿಮೀರಿ ಕುಡಿದ ದೇಹವು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರಾನಾಶಗಳು ತೋರುವುವು. ಕೆಲವರಿಗೆ ಎರಡು ದಿನಗಳೊಳಗೆ ಅಪಸ್ಮಾರದಂತೆ ಸೆಳವು ಬರುವುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇನ್ನು ಕೆಲವರಿಗೆ ಮತಿಭ್ರಮೆಯಾಗಿ, ಇಲ್ಲದ ಹುಳುಹಾವುಗಳು ಗೋಡೆಯ ಮೇಲೆ ಹರಿದಾಡುವಂತೆ ಕಾಣುವುದು. ಜ್ವರವೇರಿ ಪ್ರಾಣಕ್ಕೇ ಅಪಾಯವೊದಗುವುದು. ಊರಿನವರು ಇದನ್ನು ದೆವ್ವವೆನ್ನುವರು, ಇಲ್ಲವೆ ಪ್ರತಿಜ್ಞೆ ಮಾಡಿದುದರಿಂದಲೇ ಕೇಡಾಯಿತೆನ್ನುವರು. ‘ಒಂದು ಗುಟುಕು ಕೊಟ್ಟುಬಿಡಿ’ ಎಂದು ಮನೆಯವರೇ ಮತ್ತೆ ಕುಡಿಸುವರು. ಪ್ರತಿಜ್ಞೆಯೂ ಹೋಯಿತು, ಮಾನವೂ ಹೋಯಿತು. ಬಲ್ಲವರಾದರೆ ಇಂಥವನನ್ನು ಮೊದಲೇ ಗುರುತಿಸಿ ವೈದ್ಯರ ಬಳಿಗೆ ಕರೆದೊಯ್ಯುವರು. ಅಲ್ಲಿ ಮದ್ಯಕ್ಕೆ ಬದಲಾಗಿ ಔಷಧವನ್ನು ಕೊಟ್ಟು, ಆ ಔಷಧವನ್ನು ದಿನದಿನಕ್ಕೆ ಇಳಿಸುತ್ತ, ಬಿ-1 ಜೀವಸತ್ವವನ್ನು ತುಂಬುತ್ತ ವಾರವೊಂದರಲ್ಲಿ ಆ ಗಂಡವನ್ನು ದಾಟಿಸುವರು. ಅಹಿತವಾದ ಅಭ್ಯಾಸವನ್ನು ಒಮ್ಮೆಗೇ ಕಿತ್ತೆಸೆಯದೆ ಕಾಲುಕಾಲುಭಾಗವಾಗಿ ಬಿಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೂ ಹೇಳಿದೆ. ದೇಹವನ್ನು ಬಲ್ಲವರ ಮಾತು ಕಾಲಾಂತರದಲ್ಲಿಯೂ ಒಂದನ್ನೊಂದು ಹೋಲುವುದು ಆಶ್ಚರ್ಯವಲ್ಲ.

ದೇಹದ ಕಂಟಕವು ಕಳೆದ ಮೇಲೆ ಮನಸ್ಸಿನ ಕೆಲಸವು ಮೊದಲಾಗುವುದು. ಅದಕ್ಕೆ ಕನ್ನಡದಲ್ಲಿ ಆಪ್ತಸಮಾಲೋಚನೆಯೆಂಬ ಹೆಸರು ಬಂದಿದೆ. ಹೆಸರಿಟ್ಟವರು ಯಾರೋ, ಬಹಳ ಉಚಿತವಾಗಿ ಇಟ್ಟರು. ತರ್ಕಶಾಸ್ತ್ರದಲ್ಲಿ ಆಪ್ತನೆಂದರೆ ಬರಿಯ ನಂಟನಲ್ಲ. ಇದ್ದುದನ್ನು ಇದ್ದಂತೆ ಹೇಳುವವನು. ಚರಕನ ಮತದಲ್ಲಿ ಆಪ್ತನೆಂದರೆ ರಜಸ್ತಮಸ್ಸುಗಳ ಕಲುಷ ಕಳೆದವನು. ಎಂದರೆ ಸಿಟ್ಟಿಲ್ಲದೆ, ತಿರಸ್ಕಾರವಿಲ್ಲದೆ, ಸುಳ್ಳು ಭರವಸೆಯೂ ಇಲ್ಲದೆ ಮಾತನಾಡಬಲ್ಲವನು. ಬುದ್ಧಿ ಹೇಳುವುದಕ್ಕೆ ಕಲಿಯಬೇಕಾದುದೇನಿದೆ ಎನ್ನುವ ಹಿರಿಯರುಂಟು. ಕುಡುಕನಿಗೆ ಬುದ್ಧಿ ಹೇಳದವರು ಊರಿನಲ್ಲಿ ಯಾರಿದ್ದಾರೆ? ತಾಯಿ ಹೇಳಿದಳು, ಮಾವ ಹೇಳಿದನು, ಮೇಷ್ಟ್ರು ಹೇಳಿದರು. ಫಲವಾಗಲಿಲ್ಲ. ವಿಲಿಯಂ ಮಿಲ್ಲರ್ ಎಂಬ ಅಮೆರಿಕಾದ ಮನಶ್ಶಾಸ್ತ್ರಜ್ಞರು 1983ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದರ ಮರ್ಮವನ್ನು ತೋರಿಸಿದರು. ಮುಂದೆ ಸ್ಟೀಫನ್ ರೋಲ್ನಿಕ್ ಎಂಬವರೊಡಗೂಡಿ 1991ರಲ್ಲಿ ಅದನ್ನೇ ಗ್ರಂಥವಾಗಿ ವಿಸ್ತರಿಸಿದರು. ಎದುರಿಗಿದ್ದವನು ವಾದಿಸಿದಷ್ಟೂ ವ್ಯಸನಿಯು ತನ್ನ ವ್ಯಸನದ ಪಕ್ಷವನ್ನೇ ವಹಿಸಿ ಪ್ರತಿವಾದಿಸುವನು. ಬಿಡಬೇಕೆಂಬ ಮಾತು ಅವನ ಬಾಯಿಂದಲೇ ಹೊರಡುವಂತೆ ಕೇಳಬೇಕು ಎಂಬುದು ಅವರ ಪದ್ಧತಿಯ ಸಾರ. ‘ಬಿಡುತ್ತೀಯೋ ಇಲ್ಲವೋ’ ಎಂಬುದು ಒಂದು ಬಗೆಯ ಪ್ರಶ್ನೆ. ‘ಕುಡಿತದಿಂದ ನಿನಗೆ ದೊರೆತದ್ದೇನಪ್ಪಾ, ಹೋದದ್ದೇನು?’ ಎಂದು ಕೇಳಿ, ಉತ್ತರ ಬರುವತನಕ ಸುಮ್ಮನಿರುವುದು ಇನ್ನೊಂದು ಬಗೆ. ಆ ಸುಮ್ಮನಿರುವಿಕೆಯನ್ನು ಕಲಿಯುವುದಕ್ಕೇ ವರ್ಷಗಳು ಬೇಕು.

ಈ ವ್ಯಾಸಂಗಕ್ಕೆ ದೂರದೇಶಕ್ಕೆ ಹೋಗಬೇಕಾದುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿಯೇ ಮೊದಲಾಯಿತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಬಿತ್ತರಿಸಿದವರೆಂಬುದು ಪ್ರಾಸಂಗಿಕವಾದರೂ ನೆನೆಯತಕ್ಕ ಮಾತು. ಇಂದು ಮಾನಸಗಂಗೋತ್ರಿಯಲ್ಲಿ ಮನಶ್ಶಾಸ್ತ್ರದಲ್ಲಿಯೂ ಸಮಾಜಕಾರ್ಯದಲ್ಲಿಯೂ ಎರಡೆರಡು ವರ್ಷಗಳ ಸ್ನಾತಕೋತ್ತರ ಪದವಿಗಳುಂಟು. ಅಲ್ಲಿಂದ ಮುಂದಕ್ಕೆ ಬೆಂಗಳೂರಿನ ನಿಮ್ಹಾನ್ಸ್. ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಈ ಸಂಸ್ಥೆಯಾಯಿತು. ಚಿಕಿತ್ಸಾ ಮನಶ್ಶಾಸ್ತ್ರ, ಮನೋವೈದ್ಯಕೀಯ ಸಮಾಜಕಾರ್ಯಗಳ ಉಚ್ಚಶಿಕ್ಷಣವು ಅಲ್ಲಿ ಬಹುಕಾಲದಿಂದ ನಡೆದುಬಂದಿದೆ; ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ; ಮನೋವೈದ್ಯರಾದವರಿಗೆ ವ್ಯಸನವೈದ್ಯದಲ್ಲಿಯೇ ಡಿ. ಎಂ. ಎಂಬ ಮೂರು ವರ್ಷಗಳ ಪದವಿಯೂ ಇದೆ. ವಿದ್ಯಾರ್ಥಿಯು ಪುಸ್ತಕವನ್ನು ಓದುವುದಕ್ಕಿಂತ ಹೆಚ್ಚಾಗಿ ರೋಗಿಯ ಮುಂದೆ ಕುಳಿತು ಕಲಿಯುವನು. ಹಿರಿಯರೊಬ್ಬರು ಅವನ ಪ್ರಶ್ನೆಗಳನ್ನು ತೂಗಿ ನೋಡಿ ತಿದ್ದುವರು. ಕೇಳಿದ ಗುಟ್ಟನ್ನು ಹೊರಗೆಡಹದಿರುವುದೂ, ಬಿಟ್ಟವನು ಮತ್ತೆ ಕುಡಿದು ಬಂದಾಗ ಮುಖ ಗಂಟಿಕ್ಕದಿರುವುದೂ, ಹೆಂಡತಿಮಕ್ಕಳನ್ನು ಬೇರೆಯಾಗಿ ಕೂರಿಸಿ ಅವರ ಪಾಡನ್ನು ಕೇಳುವುದೂ ಪಾಠದ ಭಾಗಗಳೇ. ಗುರುಕುಲದ ಶಿಕ್ಷಣವನ್ನು ಬಲ್ಲವರಿಗೆ ಈ ಕ್ರಮವು ಹೊಸದೆನಿಸದು.

ಮಠಗಳಿಗೂ ಈ ಮಾರ್ಗವು ಅಪರಿಚಿತವಲ್ಲ. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಮಹಾವಿದ್ಯಾಪೀಠದಿಂದ 1984ರಲ್ಲಿ ಮೈಸೂರಿನಲ್ಲಿ ವೈದ್ಯಕಾಲೇಜು ಮೊದಲಾಯಿತು. ಅನ್ನದಾಸೋಹದಿಂದ ಅಕ್ಷರದಾಸೋಹಕ್ಕೂ, ಅಲ್ಲಿಂದ ಆರೋಗ್ಯಕ್ಕೂ ನಡೆದು ಬಂದ ಹೆಜ್ಜೆ ಅದು.

ಬಲ್ಲವರ ಕೊರತೆಯೆಷ್ಟೆಂಬುದನ್ನು ಒಂದು ಲೆಕ್ಕವು ತಿಳಿಸುವುದು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಧೀನರಾದ ಸುಮಾರು 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದವನು 180ರಲ್ಲಿ ಒಬ್ಬನು. ಮಕ್ಕಳು ಇಂಜಿನಿಯರಾಗಲಿ ಎಂದು ಆಸೆಪಡುವ ತಂದೆತಾಯಿಗಳು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಇನ್ನು ಹೇಳಲು ಸಂಕೋಚವಾಗುವ ಮಾತೊಂದುಂಟು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಸೀಮೆಯು ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. 1975ರ ಕಾಯಿದೆಯಂತೆ ತಂಬಾಕು ಮಂಡಳಿಯೇರ್ಪಟ್ಟು, 1984ರಿಂದ ಕರ್ನಾಟಕದಲ್ಲಿ ಹರಾಜು ನಡೆಯುತ್ತಿದೆ. ಹರಾಜಿನ ಹಣದಿಂದಲೇ ಎಷ್ಟೋ ಮನೆಗಳ ಮದುವೆಯೂ, ಮಕ್ಕಳ ಶಾಲೆಯೂ, ಜಾತ್ರೆಯ ಕಾಣಿಕೆಯೂ ನಡೆಯುವುವು. ಒದ್ದೆಯಾದ ಹಸಿ ಎಲೆಯನ್ನು ಕೀಳುವ ಹೆಂಗಸರಿಗೆ ಚರ್ಮದ ಮೂಲಕವೇ ನಿಕೋಟಿನ್ ಇಳಿದು ತಲೆಸುತ್ತು, ವಾಂತಿಗಳು ಬರುವುದುಂಟು. ಹೀಗಿರುವಲ್ಲಿ ವ್ಯಸನಮುಕ್ತಿಯ ಮಾತನ್ನು ಯಾವ ಮುಖದಿಂದ ಆಡುವುದೆಂದು ಕೇಳುವವರಿಗೆ ಹೆಂಡದ ಮಾರಯ್ಯನೆಂಬ ಶರಣನನ್ನು ತೋರಿಸಬಹುದು. 12ನೆಯ ಶತಮಾನದ ಆ ಶರಣನ ಕಾಯಕವು ಹೆಂಡವನ್ನು ಮಾರುವುದು. ಕುಡಿಯಬಂದವರಿಗೇ ಅದರ ಕೇಡನ್ನು ತಿಳಿಸಿ ಬಿಡಿಸುತ್ತಿದ್ದನೆಂದು ಸಂಪ್ರದಾಯವು ಹೇಳುವುದು. ಶರಣರು ಅವನನ್ನು ಹೊರಗಿಡಲಿಲ್ಲ. ಹೊಗೆಸೊಪ್ಪನ್ನು ಬೆಳೆದವನೇ ಬೀಡಿಯ ಕೆಡುಕನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಬಲ್ಲನು. ಆದರೆ ಬೆಳೆಯನ್ನು ಬಿಡುವ ದಾರಿಯು ತೆರೆಯುವವರೆಗೆ ಈ ವೈರುದ್ಧ್ಯವು ಇದ್ದೇ ಇರುವುದು. ಅದನ್ನು ಮುಚ್ಚಿ ಮಾತನಾಡುವವನು ಆಪ್ತನೆನಿಸಲಾರನು.

ಶ್ರೀಮಠವು ಈ ಮಹೋತ್ಸವದ ನೆನಪಿಗಾಗಿ ವರ್ಷಕ್ಕೆ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಯ ವ್ಯಾಸಂಗದ ವೆಚ್ಚವನ್ನು ವಹಿಸಿಕೊಳ್ಳಬಹುದು. ವಿದ್ಯಾರ್ಥಿನಿಗೆ ಮೊದಲು ಅವಕಾಶ ದೊರೆತರೆ ಇನ್ನೂ ಉಚಿತ. ಕುಡುಕನ ಹೆಂಡತಿಯು ಗಂಡಸಿನ ಮುಂದೆ ಎಲ್ಲವನ್ನೂ ಹೇಳಲಾರಳು. ಕಲಿತು ಬಂದವರಿಗೆ ಮಠದ ಆವರಣದಲ್ಲಿ, ಆದರೆ ಜನ ಓಡಾಡುವ ಮುಂಬಾಗಿಲಿಗೆ ಎದುರಾಗದಂತೆ, ಒಂದು ಕೊಠಡಿಯು ಸಾಕು. ಅಲ್ಲಿಯತನಕ 14416 ಎಂಬ ಟೆಲಿಮಾನಸ್ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು. 2022ರಿಂದ ಈ ಸೇವೆಯು ನಡೆಯುತ್ತಿದೆ. ಕೊಠಡಿಯ ವೇಳೆಯನ್ನು ಗೊತ್ತುಮಾಡುವಾಗ ಬೇಸಾಯದ ಕಾಲವನ್ನು ಗಮನಿಸಬೇಕು. ಮಳೆಗಾಲದಲ್ಲಿ ಸೊಪ್ಪು ಬೇಯಿಸುವಾಗ ಬ್ಯಾರನ್ನಿನ ಬೆಂಕಿಯನ್ನು ಐದಾರು ದಿನ ಹಗಲಿರುಳು ಕಾಯಬೇಕಾಗುವುದರಿಂದ ರೈತನು ಊರು ಬಿಟ್ಟು ಕದಲಲಾರನು. ನಿದ್ದೆಗೆಟ್ಟ ಆ ಕಾವಲಿನಲ್ಲಿ ಬೀಡಿಯೂ ಪಾಕೀಟೂ ಜೊತೆಯಾಗುವುದು ಅಪೂರ್ವವೇನಲ್ಲ. ಆ ತಿಂಗಳುಗಳಲ್ಲಿ ಸಮಾಲೋಚಕರು ಕೊಠಡಿಯಲ್ಲಿ ಕಾಯದೆ, ಸಂಜೆಯ ಹೊತ್ತು ಬ್ಯಾರನ್ನಿನ ಬಳಿಗೇ ಹೋಗಿ ಕುಳಿತುಕೊಳ್ಳತಕ್ಕದ್ದು.