ನೀರು ಇಂಗಿಸುವ ಕಾಂಕ್ರೀಟ್‌ಗೆ ಅಡಿಕೆ ನಾರು: ಎಷ್ಟು ಲಾಭ?

ಅಡಿಕೆ ಸುಲಿಯೋ ಕಾಲದಲ್ಲಿ ಚನ್ನಗಿರಿ, ಶಿವಮೊಗ್ಗ ಕಡೆ ಹೋದವರಿಗೆ ರಸ್ತೆ ಬದಿಯ ಸಿಪ್ಪೆ ರಾಶಿ ಗೊತ್ತಿರುತ್ತೆ. ಬೆಂಕಿ ಇಟ್ಟರೆ ದಿನಗಟ್ಟಲೆ ಹೊಗೆ. ಇತ್ತ ಬೆಂಗಳೂರಿನಲ್ಲಿ ಅಂಗಳ, ಫುಟ್‌ಪಾತ್ ಎಲ್ಲಾ ಸಿಮೆಂಟ್ ಆಗಿ, ಮಳೆ ನೀರಿಗೆ ಇಂಗೋಕೆ ಜಾಗವಿಲ್ಲ. ಆ ಸಿಪ್ಪೆಯ ನಾರನ್ನು ನೀರು ಇಂಗಿಸುವ ಕಾಂಕ್ರೀಟ್‌ಗೆ ಬೆರೆಸಿದರೆ ಎರಡೂ ತೊಂದರೆ ಒಟ್ಟಿಗೆ ತೀರುತ್ತಾ? ಇವತ್ತು ಅದನ್ನೇ ನೋಡೋಣ.

ಸಾಮಾನ್ಯ ಕಾಂಕ್ರೀಟ್‌ನಲ್ಲಿ ಜಲ್ಲಿಯ ಸಂದುಗಳನ್ನು ಮರಳು ತುಂಬುತ್ತೆ. ಇದರಲ್ಲಿ ಮರಳು ಇರಲ್ಲ, ಇದ್ದರೂ ಅಷ್ಟಿಷ್ಟು. ಬೆಲ್ಲದ ಪಾಕದಲ್ಲಿ ಮಂಡಕ್ಕಿ ಉಂಡೆ ಕಟ್ಟೋ ಹಾಗೆ, ಸಿಮೆಂಟ್ ಪಾಕ ಕಲ್ಲಿಗೆ ಕಲ್ಲನ್ನು ಅಂಟಿಸುತ್ತೆ. ಸಾಮಾನ್ಯವಾಗಿ ಶೇ 15ರಿಂದ 25ರಷ್ಟು ಜಾಗ ಖಾಲಿ ಇರುತ್ತೆ. ನೀರು ಅಲ್ಲಿಂದ ಇಳಿದು, ಕೆಳಗಿನ ಜಲ್ಲಿ ಪದರದಲ್ಲಿ ನಿಂತು, ನಿಧಾನವಾಗಿ ಮಣ್ಣಿಗೆ ಸೇರುತ್ತೆ.

ಆದರೆ ಉಂಡೆಯ ಹಾಗೇ ಇದೂ ಉದುರುತ್ತೆ. ಚಕ್ರ ತಿರುಗಿದ ಕಡೆ ಮೇಲಿನ ಕಲ್ಲು ಕಿತ್ತು ಬರುತ್ತೆ. ನಾರು ಬೇಕಾಗೋದು ಇಲ್ಲಿ. ಬಿರುಕು ಹಿಗ್ಗದಂತೆ ಎರಡೂ ಅಂಚನ್ನು ಅದು ಎಳೆದು ಹಿಡಿಯುತ್ತೆ. ಜಾಸ್ತಿ ಹಾಕಿದರೆ ಗಂಟುಕಟ್ಟಿ ಸಂದನ್ನೇ ಮುಚ್ಚಿಬಿಡುತ್ತೆ. ಸಿಮೆಂಟ್‌ನ ಕ್ಷಾರವೂ ನಾರನ್ನು ಬರಬರುತ್ತಾ ತಿನ್ನುತ್ತೆ. ಲಿಗ್ನಿನ್ ಹೆಚ್ಚಿರುವ ತೆಂಗಿನ ನಾರು ಒಂದಿಷ್ಟು ಜಾಸ್ತಿ ತಾಳಿಕೊಳ್ಳುತ್ತೆ. ಸಿಮೆಂಟ್ ಚೆನ್ನಾಗಿ ಹಿಡಿಯಲಿ ಅಂತ ನಾರನ್ನು ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ನೆನೆಸಿ, ತೊಳೆದು, ಒಣಗಿಸಿ ಬಳಸೋದುಂಟು.

ಈಗ ಒಂದು ಲೆಕ್ಕ ಹಾಕೋಣ. ಗಾತ್ರದಲ್ಲಿ ಶೇ 0.2ರಷ್ಟು ನಾರು ಹಾಕ್ತೀವಿ ಅಂತ ಇಟ್ಟುಕೊಳ್ಳಿ. ಒಂದು ಘನ ಮೀಟರ್ ಕಾಂಕ್ರೀಟ್‌ಗೆ ಹೆಚ್ಚೂಕಡಿಮೆ ಎರಡೂವರೆ ಕೆ.ಜಿ. ಸಾವಿರ ಚದರ ಮೀಟರ್ ಪಾರ್ಕಿಂಗ್ ಜಾಗಕ್ಕೆ 10 ಸೆಂ.ಮೀ. ದಪ್ಪ ಹಾಸಿದರೂ ಒಟ್ಟು 250 ಕೆ.ಜಿ. ಮಾತ್ರ. ಇದರಿಂದ ರಸ್ತೆ ಬದಿಯ ರಾಶಿ ಕರಗಲ್ಲ. ರಾಶಿಗೆ ಕಾಂಪೋಸ್ಟ್ ಗುಂಡಿಯೇ ದಾರಿ. ಹಾಗಾಗಿ ರೈತರಿಗೆ ಇದರಿಂದ ದೊಡ್ಡ ಆದಾಯ ಬರುತ್ತೆ ಅಂತ ನಾನಂತೂ ಹೇಳಲಾರೆ. ಕಾಂಕ್ರೀಟ್ ಬಾಳಿಕೆ ಬರೋಕೆ ನಾರು ಒಂದು ಆಸರೆ, ಅಷ್ಟೇ.

ಹಾಕೋದಾದರೆ ಎಲ್ಲಿ? ಫುಟ್‌ಪಾತ್, ಪಾರ್ಕಿಂಗ್, ಅಪಾರ್ಟ್‌ಮೆಂಟ್ ಅಂಗಳ. ಲಾರಿ ಓಡಾಡೋ ರಸ್ತೆಗೆ ಬೇಡ. ನೀರು ಬೇಗ ಇಂಗದ ಜೇಡಿಮಣ್ಣಾದರೆ ಕೆಳಗೆ ಪೈಪ್ ಕೂಡ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರಲ್ಲ, ಅಂಥ ನೆರೆಯನ್ನು ಇದು ತಡೆಯಲ್ಲ. ಅದಕ್ಕೆ ಕೆರೆ, ರಾಜಕಾಲುವೆಗಳೇ ಸರಿಯಾಗಬೇಕು. ನಮ್ಮ ಅಂಗಳದಲ್ಲಿ ಬಿದ್ದ ಮಳೆಯನ್ನು ಅಲ್ಲೇ ಇಂಗಿಸೋದು ಮಾತ್ರ ಇದರ ಕೆಲಸ.

ಕೊನೆಯದಾಗಿ ಒಂದು ಮಾತು. ನಮ್ಮೂರಿನ ಧೂಳು, ತರಗೆಲೆ ಸೇರಿ ಸಂದುಗಳು ಕಟ್ಟಿಕೊಂಡರೆ ಇದೂ ಮಾಮೂಲಿ ಕಾಂಕ್ರೀಟೇ. ಆಗಾಗ ಗುಡಿಸಿ, ಧೂಳು ಹೀರಿಸಿ, ಜೋರು ನೀರಲ್ಲಿ ತೊಳೆಯಲೇಬೇಕು. ನಿಮ್ಮ ವಾರ್ಡ್‌ನಲ್ಲೋ ಅಪಾರ್ಟ್‌ಮೆಂಟ್ ಸಂಘದಲ್ಲೋ ಈ ಪ್ರಸ್ತಾಪ ಬಂದರೆ, ಹಾಕೋ ಖರ್ಚಿನ ಜೊತೆ ಐದು ವರ್ಷ ತೊಳೆಯೋ ಖರ್ಚೂ ಬರೆದಿದೆಯಾ ಅಂತ ಮೊದಲು ಕೇಳಿ. ಬರೆದಿಲ್ಲ ಅಂದರೆ ಸಹಿ ಹಾಕಬೇಡಿ.