ಹೊಂಡದ ನೀರಿಗೆ ಲೆಕ್ಕವುಂಟೆ?



ಒಂದು ಹೊಂಡದ ದಡದಲ್ಲಿ ನಿಂತು ‘ಇದರಲ್ಲಿ ಎಷ್ಟು ನೀರಿದೆ?’ ಎಂದು ಕೇಳಿದರೆ ನಮ್ಮ ಕಡೆಯ ಜನ ಲೀಟರಿನಲ್ಲಿ ಉತ್ತರ ಹೇಳುವುದಿಲ್ಲ. ‘ಮೊಣಕಾಲುಮಟ್ಟ’ ಎನ್ನುತ್ತಾರೆ, ‘ಎದೆಮಟ್ಟ’ ಎನ್ನುತ್ತಾರೆ. ಇಲ್ಲವೆ ‘ಯುಗಾದಿಯ ತನಕ ಸಾಲುತ್ತದೆ’ ಎನ್ನುತ್ತಾರೆ. ಮೊದಲಿನದು ಆಳದ ಮಾತು, ಎರಡನೆಯದು ಕಾಲದ ಮಾತು. ಇವೆರಡರ ನಡುವೆ ಇರಬೇಕಾದ ಪರಿಮಾಣದ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟದ್ದರ ಬೆಲೆಯನ್ನು ಬೇಸಗೆ ವಸೂಲು ಮಾಡುತ್ತದೆ.

ನಮ್ಮ ನಾಡಿಗೆ ಹಿಂದೆ ಎಡೆದೊರೆ ಎಂಬ ಹೆಸರಿತ್ತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಇದ್ದೂ ನೀರಿಗೆ ಹಂಬಲಿಸುವುದು ಈ ನೆಲದ ಹಣೆಬರಹ. ರಾಯಚೂರಿನವರು ಖಾಸಬಾವಿಯನ್ನೂ ಮಾವಿನಕೆರೆಯನ್ನೂ ಇಂದಿಗೂ ಹೆಸರಿಟ್ಟು ಕರೆಯುವುದರಲ್ಲಿ ಆ ಹಂಬಲದ ನೆನಪಿದೆ. ಮಾನ್ವಿಗೆ ಈಗ ತುಂಗಭದ್ರೆಯ ಎಡದಂಡೆ ಕಾಲುವೆಯಿದೆ, ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆ ಕಾಲುವೆಯಿದೆ. ಆದರೆ ಕಾಲುವೆ ವರ್ಷವಿಡೀ ಹರಿಯುವುದಿಲ್ಲ. ಅದು ನಿಂತ ಮೇಲೆ ಕೆರೆಯಲ್ಲಿ, ಹೊಲದ ಕೃಷಿಹೊಂಡದಲ್ಲಿ, ಹಿತ್ತಲಿನ ತೋಟದ ಗುಂಡಿಯಲ್ಲಿ ಹಿಡಿದಿಟ್ಟುಕೊಂಡದ್ದೇ ಆಸರೆ. ಹಿಡಿದಿಟ್ಟದ್ದು ಎಷ್ಟು ಎಂಬುದು ತಿಳಿಯದಿದ್ದರೆ ಹಂಚುವುದು ಹೇಗೆ?

ಉದ್ದ, ಅಗಲ, ಆಳಗಳನ್ನು ಗುಣಿಸಿದರೆ ಆಯಿತಲ್ಲ ಎಂದು ಕೆಲವರು ಹೇಳಬಹುದು. ಕಟ್ಟಿದ ತೊಟ್ಟಿಗೆ ಆ ಲೆಕ್ಕ ಸರಿ. ಮಣ್ಣಿನಲ್ಲಿ ತೋಡಿದ ಹೊಂಡದ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ. ಅದು ಇಳಿಜಾರಾಗಿ ಒಳಕ್ಕೆ ಸರಿಯುತ್ತದೆ. ಮೇಲೆ 10 ಮೀಟರು ಚೌಕ, ತಳದಲ್ಲಿ 4 ಮೀಟರು ಚೌಕ, ಆಳ 3 ಮೀಟರು ಇರುವ ಹೊಂಡವನ್ನು ತೆಗೆದುಕೊಳ್ಳೋಣ. ಮೇಲಿನ ಅಳತೆಯನ್ನೇ ಹಿಡಿದು ಗುಣಿಸಿದವನಿಗೆ 300 ಘನಮೀಟರು, ಎಂದರೆ 3 ಲಕ್ಷ ಲೀಟರು ಸಿಗುತ್ತದೆ. ಅದು ಕಾಗದದ ಮೇಲಿನ ನೀರು. ನಿಜದ ನೀರು ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

ಈ ನಿಜವನ್ನು ಕಂಡುಹಿಡಿಯುವ ದಾರಿಯನ್ನು ನಮ್ಮವನೇ ಒಬ್ಬ ಗಣಿತಜ್ಞ ಸಾವಿರದ ನೂರು ವರ್ಷಗಳಿಗೂ ಹಿಂದೆ ತೋರಿಸಿದ್ದಾನೆ. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೇ ಆತ. ಅವನ ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ ಲೆಕ್ಕಕ್ಕೆಂದೇ ಖಾತವ್ಯವಹಾರ ಎಂಬ ಪ್ರಕರಣವಿದೆ. ಅಲ್ಲಿ ಅವನು ಎರಡು ಸ್ಥೂಲ ಫಲಗಳನ್ನು ಹೇಳುತ್ತಾನೆ. ಮೇಲಿನ ಹಾಗೂ ತಳದ ಅಳತೆಗಳ ಸರಾಸರಿಯಿಂದ ಕ್ಷೇತ್ರಫಲ ತೆಗೆದು ಆಳದಿಂದ ಗುಣಿಸಿದರೆ ಕರ್ಮಾಂತಿಕ ಫಲ. ಮೇಲಿನ ಕ್ಷೇತ್ರಫಲ, ತಳದ ಕ್ಷೇತ್ರಫಲ ಇವುಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ ಔಂಡ್ರ ಫಲ. ಎರಡರ ವ್ಯತ್ಯಾಸದ ಮೂರನೆಯ ಒಂದು ಪಾಲನ್ನು ಮೊದಲಿನದಕ್ಕೆ ಕೂಡಿಸಿದರೆ ಸೂಕ್ಷ್ಮ ಫಲ.

ನಮ್ಮ ಹೊಂಡಕ್ಕೆ ಇದನ್ನು ಅನ್ವಯಿಸಿ ನೋಡಿ. 10 ಮತ್ತು 4ರ ಸರಾಸರಿ 7, ಏಳೇಳ್ಲಿ 49, ಆಳ 3ರಿಂದ ಗುಣಿಸಿದರೆ 147. ಇನ್ನು 100 ಮತ್ತು 16ರ ಸರಾಸರಿ 58. ಮೂರರಿಂದ ಗುಣಿಸಿದರೆ 174. ವ್ಯತ್ಯಾಸ 27, ಅದರ ಮೂರನೆಯ ಒಂದು ಪಾಲು 9. ಒಟ್ಟು 156 ಘನಮೀಟರು, ಎಂದರೆ 1,56,000 ಲೀಟರು. ಇಂದಿನ ಎಂಜಿನಿಯರನ ಸೂತ್ರವೂ ಈ ಉತ್ತರವನ್ನೇ ಕೊಡುತ್ತದೆ.

ಆದರೆ ಎಲ್ಲ ಹೊಂಡಗಳೂ ಚೌಕವಾಗಿರುವುದಿಲ್ಲ. ತೋಟದ ಹೊಂಡ ಒಂದೆಡೆ ಉಬ್ಬಿ, ಒಂದೆಡೆ ತಗ್ಗಿ, ಮಾವಿನಕಾಯಿಯಂತೆಯೋ ಹಲಸಿನ ತೊಳೆಯಂತೆಯೋ ಇರುತ್ತದೆ. ಆಗ ಮಾಡಬೇಕಾದದ್ದು ಇಷ್ಟು: ನೀರಿನ ಉದ್ದಕ್ಕೆ ಈ ತುದಿಯಿಂದ ಆ ತುದಿಗೆ ಒಂದು ಹಗ್ಗ ಎಳೆದು ಕಟ್ಟಿ, ಸಮ ಅಂತರದಲ್ಲಿ ಗುರುತು ಮಾಡಿ, ಪ್ರತಿಯೊಂದು ಗುರುತಿನಲ್ಲೂ ಅಡ್ಡಗಲವನ್ನು ಅಳೆಯಬೇಕು. 20 ಮೀಟರು ಉದ್ದದ ಹೊಂಡದಲ್ಲಿ ನಾಲ್ಕು ನಾಲ್ಕು ಮೀಟರಿಗೆ ಸಿಕ್ಕ ಅಗಲ 6, 9, 7, 5 ಎಂದಿರಲಿ. ಎರಡು ತುದಿಗಳಲ್ಲಿ ಸೊನ್ನೆ. ಅಗಲಗಳ ಮೊತ್ತ 27. ಅದನ್ನು ಅಂತರ 4ರಿಂದ ಗುಣಿಸಿದರೆ ನೀರಿನ ಹರವು 108 ಚದರ ಮೀಟರು. ಗುರುತುಗಳು ಹತ್ತಿರವಾದಷ್ಟೂ ಉತ್ತರ ನಿಜಕ್ಕೆ ಹತ್ತಿರ.

ಆಳದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಲ್ಲರ ಕಣ್ಣೂ ನಡುವಿನ ಮಡುವಿನ ಮೇಲೆ. ಅಲ್ಲಿ ಎರಡೂವರೆ ಮೀಟರು ಇದ್ದರೆ ಹೊಂಡವೇ ಎರಡೂವರೆ ಮೀಟರು ಎನ್ನುತ್ತೇವೆ. ಬಟ್ಟಲಿನಂತೆ ದುಂಡಗೆ ತಗ್ಗಿದ ಹೊಂಡದ ಸರಾಸರಿ ಆಳ ನಡುವಿನ ಆಳದ ಸುಮಾರು ಅರ್ಧ. ಆಲಿಕೆಯಂತೆ ಚೂಪಾಗಿದ್ದರೆ ಮೂರನೆಯ ಒಂದು ಪಾಲು ಮಾತ್ರ. ಆದ್ದರಿಂದ ನೀರಿನ ಮೇಲೆಲ್ಲ ಸಮನಾಗಿ ಹರಡಿದ ಹತ್ತಿಪ್ಪತ್ತು ಕಡೆಗಳಲ್ಲಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಆಳ ನೋಡಿ, ಸರಾಸರಿ ತೆಗೆಯಬೇಕು. ಹೂಳಿನ ಹೊಂಡಕ್ಕೆ ಒಬ್ಬರೇ ಇಳಿಯಬಾರದು, ಮಕ್ಕಳನ್ನಂತೂ ಇಳಿಸಲೇಬಾರದು. ಸರಾಸರಿ 1.2 ಮೀಟರು ಬಂದರೆ, 108ರಿಂದ ಗುಣಿಸಿ, ಸುಮಾರು 130 ಘನಮೀಟರು: 1,30,000 ಲೀಟರು. ನಡುವಿನ ಆಳವನ್ನೇ ನಂಬಿದವನಿಗೆ ಇದು 2,70,000 ಆಗಿ ಕಾಣುತ್ತಿತ್ತು. ಆ ನಂಬಿಕೆಯಿಂದ ಹೊಂಡಕ್ಕೆ ಔಷಧಿ ಬೆರೆಸಿದರೆ ಮೀನಿನ ಪಾಲಿಗೆ ಬೀಳುವುದು ಇಮ್ಮಡಿ ಮದ್ದು.

ಲೆಕ್ಕವನ್ನು ನೀರಿನ ಬಾಯಿಂದಲೇ ಪರೀಕ್ಷಿಸಲೂ ಬರುತ್ತದೆ. ಪಂಪು 200 ಲೀಟರಿನ ಪೀಪಾಯಿಯನ್ನು 40 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 18,000 ಲೀಟರು ಎತ್ತುತ್ತದೆ ಎಂದಾಯಿತು. ಒಂದು ಗಂಟೆಯಲ್ಲಿ ಹೊಂಡದ ಮಟ್ಟ ಸುಮಾರು 17 ಸೆಂಟಿಮೀಟರು ಇಳಿದರೆ ನಾವು ತೆಗೆದ ಹರವು ಸರಿ. ಬಹಳ ಹೆಚ್ಚು ಇಳಿದರೆ ಹರವು ನಾವೆಣಿಸಿದ್ದಕ್ಕಿಂತ ಕಿರಿದು.

ಇಷ್ಟಾದ ಮೇಲೂ ಒಬ್ಬ ಪಾಲುದಾರ ಉಳಿದಿದ್ದಾನೆ. ನಮ್ಮ ಬಿಸಿಲು! ದಿನಕ್ಕೆ ಒಂದು ಸೆಂಟಿಮೀಟರು ಆರುತ್ತದೆ ಎಂದಿಟ್ಟುಕೊಂಡರೂ ಈ ಹೊಂಡದಿಂದ ಅವನು ಒಯ್ಯುವುದು 1,080 ಲೀಟರು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿದ್ದು 55 ಲೀಟರು. ಹಾಗಾದರೆ ಬಿಸಿಲು ಇಪ್ಪತ್ತು ಮಂದಿಯ ಪಾಲನ್ನು ತಾನೊಬ್ಬನೇ ಕುಡಿಯುತ್ತದೆ. ಐವರ ಮನೆಯ ಬಳಕೆಗೆ 470 ದಿನ ಬರಬೇಕಾಗಿದ್ದ ನೀರು, ಬಿಸಿಲಿನ ಪಾಲು ಸೇರಿದರೆ ನೂರು ದಿನದ ಆಸುಪಾಸಿಗೆ ಇಳಿಯುತ್ತದೆ. ನೀರು ತಗ್ಗಿದಂತೆ ಹರವೂ ಕುಗ್ಗುವುದರಿಂದ ಕೆಲವು ವಾರ ಹೆಚ್ಚಬಹುದು. ನೆಲಕ್ಕೆ ಇಂಗುವುದರಿಂದ ಕೆಲವು ಕಳೆಯಬಹುದು. ಒಂದೇ ಪರಿಮಾಣದ ನೀರಿಗೆ ಹರವು ಕಡಿಮೆಯಿದ್ದು ಆಳ ಹೆಚ್ಚಿರುವುದು ಲೇಸು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಯ ಮಾತು ಹೂಳಿನದು. ಒಮ್ಮೆ ಅಳೆದದ್ದು ಎಂದೆಂದಿಗೂ ಸಲ್ಲುವುದಿಲ್ಲ. 1953ರಲ್ಲಿ ನೀರು ತುಂಬತೊಡಗಿದ ತುಂಗಭದ್ರಾ ಜಲಾಶಯಕ್ಕೆ ಆಗ ಲೆಕ್ಕ ಹಾಕಿದ್ದು ಸುಮಾರು 133 ಟಿಎಂಸಿ. 2008ರ ಸಮೀಕ್ಷೆ 100.855 ಎಂದಿತು, 2016ರ ಸಮೀಕ್ಷೆ 105.788 ಎಂದಿತು. ಎಂಟು ವರ್ಷಗಳಲ್ಲಿ ಹೂಳು ತಾನಾಗಿ ಕರಗಲಿಲ್ಲ, ಅಳತೆಯೇ ಬದಲಾಯಿತು. ದೊಡ್ಡ ಜಲಾಶಯದಲ್ಲೇ ಐದು ಟಿಎಂಸಿಯಷ್ಟು ಹೆಚ್ಚುಕಡಿಮೆ ಬರುವುದಾದರೆ ಹಿತ್ತಲಿನ ಹೊಂಡದಲ್ಲಿ ಹತ್ತಕ್ಕೆ ಒಂದು ಪಾಲು ತಪ್ಪಿದರೆ ನಾಚಬೇಕಾಗಿಲ್ಲ. ಆದರೆ ಆ ಮೂವತ್ತು ಟಿಎಂಸಿಯ ನಷ್ಟ ಮೊದಲು ತಟ್ಟುವುದು ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತನಿಗೆ ಎಂಬುದನ್ನು ಮರೆಯಲಾಗದು.

ಲೆಕ್ಕದಿಂದ ನೀರು ಒಂದು ಕೊಡವೂ ಹೆಚ್ಚುವುದಿಲ್ಲ. ಆದರೆ ಇರುವ ನೀರು ಎಷ್ಟು, ಅದು ಎಷ್ಟು ಮಂದಿಗೆ, ಎಷ್ಟು ದಿನಕ್ಕೆ ಎಂಬುದು ಊರಿಗೆ ಗೊತ್ತಿದ್ದರೆ ಹಂಚಿಕೆಯ ಮಾತು ಸಂಶಯದಿಂದಲ್ಲ, ಸಂಖ್ಯೆಯಿಂದ ಮೊದಲಾಗುತ್ತದೆ. ಕಾಲುವೆ ನಿಲ್ಲುವ ಮುನ್ನ, ಹೊಂಡ ತುಂಬಿರುವಾಗಲೇ, ಒಂದು ಹಗ್ಗ, ಒಂದು ಕಲ್ಲು, ಒಂದು ಹಾಳೆ ಕಾಗದ ಹಿಡಿದು ದಡಕ್ಕೆ ಹೋಗಿ ಬನ್ನಿ.