ಕಟ್ಟೆಗೂ ಒಂದು ಬಡಿತ

ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ಊರು. ಗಂಟೆ ಕೊಳ್ಳುವವರು ಅದನ್ನು ಬರೀ ನೋಡಿ ದುಡ್ಡು ಕೊಡುವುದಿಲ್ಲ, ಒಮ್ಮೆ ತಟ್ಟಿ ನೋಡುತ್ತಾರೆ. 'ಠಣ್' ಎಂದು ನಾದ ಎಳೆದುಕೊಂಡು ಹೋದರೆ ಸರಿ. 'ದಡ್' ಎಂದು ಅಲ್ಲೇ ನಿಂತುಹೋದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ ಎಂದು ಅನುಮಾನ.

ಬಿರುಕಿಗೂ ಸದ್ದಿಗೂ ಏನು ನಂಟು? ಯಾವ ವಸ್ತುವನ್ನೇ ಅಲುಗಿಸಿ, ಅದು ತನ್ನದೇ ಲಯದಲ್ಲಿ ಅಲುಗುತ್ತದೆ. ಬಿಗಿಯಾಗಿದ್ದಷ್ಟೂ ಬೇಗ ಬೇಗ, ಭಾರವಾದಷ್ಟೂ ನಿಧಾನ. ಸೆಕೆಂಡಿಗೆ ಎಷ್ಟು ಸಲ ಅಲುಗಿತು ಎಂಬುದೇ ನಿಮ್ಮ ಪಾಠದಲ್ಲಿ ಬರುವ ಆವೃತ್ತಿ. ಬಿರುಕು ಬಿಟ್ಟರೆ ಬಿಗಿ ಸಡಿಲವಾಗಿ ಆವೃತ್ತಿ ಇಳಿಯುತ್ತದೆ.

ಗಂಟೆಯನ್ನೇನೋ ತಟ್ಟಬಹುದು. ನಡುಗಡಲಿನಲ್ಲಿ ನಿಂತ ಉಕ್ಕಿನ ಅಟ್ಟಣಿಗೆಯನ್ನು? ಮುಂಬೈ ತೀರದಿಂದ ಸುಮಾರು 160 ಕಿ.ಮೀ. ಆಚೆ, 'ಮುಂಬೈ ಹೈ' ಎಂಬಲ್ಲಿ ತೈಲ, ಅನಿಲ ತೆಗೆಯುವ ಇಂಥ ಅಟ್ಟಣಿಗೆಗಳಿವೆ. ಸುಮಾರು 75 ಮೀಟರ್ ಆಳದ ನೀರಿನ ತಳಕ್ಕೆ ಕಾಲೂರಿ ನಿಂತಿವೆ. ಅವನ್ನು ತಟ್ಟಲು ಯಾರೂ ಹೋಗಬೇಕಿಲ್ಲ, ಹಗಲೂ ರಾತ್ರಿ ಅಲೆಗಳೇ ತಟ್ಟುತ್ತಿರುತ್ತವೆ! ಅಟ್ಟಣಿಗೆ ಅಲುಗುವುದನ್ನು ಅಕ್ಸೆಲೆರೋಮೀಟರ್ ಎಂಬ ಪುಟ್ಟ ಉಪಕರಣದಿಂದ ಅಳೆಯಬಹುದು. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುತ್ತದಲ್ಲ, ಅದೂ ಇದೇ ಜಾತಿಯ ಉಪಕರಣದ ಕೆಲಸ.

ಆದರೆ ತಟ್ಟುವ ಅಲೆಯೇ ಪೆಟ್ಟನ್ನೂ ಕೊಡುತ್ತದೆ. ಲಕ್ಷಾಂತರ ಸಲ ಬಡಿಸಿಕೊಂಡರೆ ಉಕ್ಕೂ ದಣಿಯುತ್ತದೆ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ನಾರ್ವೆಯ 'ಅಲೆಕ್ಸಾಂಡರ್ ಕೀಲಾಂಡ್' ಎಂಬ ತೇಲುವ ಅಟ್ಟಣಿಗೆ ಮಗುಚಿಕೊಂಡು 123 ಜನ ತೀರಿಕೊಂಡರು. ತನಿಖೆ ಮಾಡಿದಾಗ ಒಂದು ಅಡ್ಡತೊಲೆಯ ಸಣ್ಣ ಬೆಸುಗೆಯಿಂದ ಬಿರುಕು ಹಬ್ಬಿದ್ದು ತಿಳಿಯಿತು. ಆ ಬೆಸುಗೆ ಹಾಕಿದ್ದು ಯಾತಕ್ಕೆ ಗೊತ್ತೆ? ನೀರೊಳಗಿನ ಸದ್ದು ಕೇಳುವ ಹೈಡ್ರೋಫೋನ್ ಕೂರಿಸಲು!

ಈಗ ನಮ್ಮ ಕನ್ನಂಬಾಡಿ ಕಟ್ಟೆಗೆ ಬರೋಣ. 1911ರಲ್ಲಿ ಕೆಲಸ ಶುರುವಾದ ಈ ಕಟ್ಟೆಯನ್ನು ಕಲ್ಲು, ಸುರ್ಕಿ ಗಾರೆಯಿಂದ ಕಟ್ಟಿದ್ದಾರೆ. ಉದ್ದ ಎರಡೂವರೆ ಕಿ.ಮೀ.ಗಿಂತ ಜಾಸ್ತಿ. ಕೆ.ಆರ್. ಪೇಟೆ ಕಡೆಗೂ ಚಾಚಿರುವ ಹಿನ್ನೀರಿನಲ್ಲಿ ಗಾಳಿಗೆ ಏಳುವ ಅಲೆಗಳನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಜನರಿಗೆ ಚಿಂತೆ ಹತ್ತಿದ್ದು ನೆಲದೊಳಗೆ ಬರುವ ಅಲೆಗಳದ್ದು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಕ್ವಾರಿಗಳಲ್ಲಿ ಸಿಡಿಮದ್ದು ಸಿಡಿಸಿದರೆ ಕಂಪನ ಬಂಡೆಯೊಳಗೆ ಸುತ್ತಲೂ ಹರಡುತ್ತದೆ, ದೂರ ಹೋದಂತೆ ಕ್ಷೀಣಿಸುತ್ತದೆ. ಕಟ್ಟೆ ತಲುಪುವಾಗ ಎಷ್ಟು ಉಳಿದಿರುತ್ತದೆ ಎಂಬುದರ ಮೇಲೇ ಎಲ್ಲ ವಾದ. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯಿಂದ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಕಟ್ಟೆಯ ಕೆಳಗೆ ಶ್ರೀರಂಗಪಟ್ಟಣವಿದೆ, ಗದ್ದೆಗಳಿವೆ. ಇಷ್ಟು ಎಚ್ಚರ ನನಗೇನೂ ಅತಿ ಎನಿಸುವುದಿಲ್ಲ.

ಕಟ್ಟೆಯಂಥ ಭಾರಿ ಗೋಡೆಗೂ ತನ್ನದೇ ಆವೃತ್ತಿ ಇದೆ. ತಮಾಷೆ ಎಂದರೆ ಅದು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಒಂದು, ಮಳೆಗಾಲದಲ್ಲಿ 124.80 ಅಡಿ ತುಂಬಿದಾಗ ಇನ್ನೊಂದು. ತುಂಬಿದಾಗ ಗೋಡೆಯ ಜೊತೆ ನೀರೂ ಅಲುಗಬೇಕಲ್ಲ, ಹಾಗಾಗಿ ಲಯ ನಿಧಾನ. ಕಡಲ ಅಟ್ಟಣಿಗೆಯ ಕಾಲಿಗೆ ಚಿಪ್ಪುಜೀವಿಗಳು ದಪ್ಪಗೆ ಮೆತ್ತಿಕೊಂಡರೂ ಹೀಗೇ ಆಗುತ್ತದೆ.

ಇದನ್ನು ನೀವೇ ಮಾಡಿ ನೋಡಬಹುದು. ಸ್ಟೀಲ್ ಸ್ಕೇಲಿನ ಅರ್ಧ ಭಾಗವನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹೊರಗಿನ ತುದಿಯನ್ನು ಮೀಟಿ. ಆಮೇಲೆ ಆ ತುದಿಗೆ ಒಂದು ಉಂಡೆ ಜೇಡಿಮಣ್ಣು ಅಂಟಿಸಿ ಮತ್ತೆ ಮೀಟಿ. ಬಿರುಕೇ ಇಲ್ಲದೆ ಬಡಿತ ನಿಧಾನವಾಯಿತಲ್ಲ! ಹಾಗಾದರೆ ಬಿರುಕನ್ನು ಗುರುತಿಸುವುದು ಹೇಗೆ? ಎಂಜಿನಿಯರುಗಳು ಒಂದೇ ಕಡೆ ಅಳೆದು ಬಿಡುವುದಿಲ್ಲ, ಉದ್ದಕ್ಕೂ ಹಲವೆಡೆ ಉಪಕರಣ ಕೂರಿಸುತ್ತಾರೆ. ಆರೋಗ್ಯವಾಗಿದ್ದ ದಿನಗಳ ದಾಖಲೆ ಮುಂದಿಟ್ಟುಕೊಂಡು, ಯಾವ ಜಾಗ ಹಿಂದಿಗಿಂತ ಬೇರೆ ರೀತಿ ಬಾಗುತ್ತಿದೆ ಎಂದು ಹುಡುಕಿ, ಅಲ್ಲಿಗೆ ಮುಳುಗುಗಾರರನ್ನು ಇಳಿಸುತ್ತಾರೆ.